ಬೋರ್ಡು ಇಳಿಸಿದ ಮೇಲೂ ಉಳಿಯುವ ಹೆಸರು

ವೃತ್ತಿ ನಿಲ್ಲಿಸಿದ, ನಿಲ್ಲಿಸಲಿರುವ ದಂತವೈದ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ದಂತವೈದ್ಯ ಮಿತ್ರರೇ,



ನಿಮ್ಮಲ್ಲಿ ಕೆಲವರು ನನ್ನ ಹಾಗೆ ವಯಸ್ಸಾಗಿ ಕ್ಲಿನಿಕ್ ಮುಚ್ಚಿದವರು. ಕೆಲವರು ಮದುವೆ, ಬಾಣಂತನ, ಮಕ್ಕಳ ಓದು ಎಂದು ಹತ್ತು ವರ್ಷಗಳಿಂದ ಇಕ್ಕಳ ಹಿಡಿಯದವರು. ಕೆಲವರು ಬಿ.ಡಿ.ಎಸ್. ಮುಗಿಸಿ ಬ್ಯಾಂಕು, ಸಾಫ್ಟ್‌ವೇರ್, ಸರ್ಕಾರಿ ನೌಕರಿ ಹಿಡಿದವರು. ಇನ್ನು ಕೆಲವರು ಟೊರಾಂಟೊ, ಲಂಡನ್, ಸಿಡ್ನಿಗಳಲ್ಲಿ ಸಂಸಾರ ಹೂಡಿದವರು. ದಾರಿ ಬೇರೆ ಬೇರೆಯಾದರೂ ನಮ್ಮೆಲ್ಲರ ಸ್ಥಿತಿ ಒಂದೇ. ನಾವು ಈಗ ರೋಗಿಯನ್ನು ನೋಡುತ್ತಿಲ್ಲ. ಆದರೆ ನಮ್ಮ ಹೆಸರು ಕೌನ್ಸಿಲ್ಲಿನ ರಿಜಿಸ್ಟರಿನಲ್ಲಿ ಇನ್ನೂ ಇದೆ, ಇಲ್ಲವೇ ನಮಗೇ ಗೊತ್ತಾಗದಂತೆ ಅಲ್ಲಿಂದ ಹೋಗಿದೆ. ಆ ಹೆಸರಿನ ವಿಚಾರವಾಗಿ ನಿಮ್ಮೊಂದಿಗೆ ಮನಬಿಚ್ಚಿ ಮಾತಾಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ ಓದು ಮುಗಿಸಿ, ಸಾಗರದ ಪೇಟೆಯಲ್ಲಿ ಮೂವತ್ತೆರಡು ವರ್ಷ ಕ್ಲಿನಿಕ್ ನಡೆಸಿದೆ. 2019ರ ಮಳೆಗಾಲದ ಒಂದು ಮಧ್ಯಾಹ್ನ, ಕೆಳದವಡೆಯ ಹಲ್ಲು ಕೀಳಿಸಿಕೊಳ್ಳಲು ಬಂದ ಹೆಣ್ಣುಮಗಳೊಬ್ಬರಿಗೆ ಮರಗಟ್ಟುವ ಇಂಜೆಕ್ಷನ್ ಕೊಡಲು ಬಾಗಿದೆ. ಸೂಜಿಯ ತುದಿ ಸಣ್ಣಗೆ ನಡುಗುತ್ತಿತ್ತು. ನನಗಿಂತ ಮೊದಲು ಅದನ್ನು ಅವರೇ ಕಂಡಿದ್ದರು. ಮಾತಾಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ಕುರ್ಚಿಯ ಕೈ ಹಿಡಿದುಕೊಂಡರು. ನಾನು ಸೂಜಿಗೆ ಮುಚ್ಚಳ ಹಾಕಿ ಟ್ರೇಯಲ್ಲಿಟ್ಟೆ. "ಇವತ್ತು ಬೇಡಮ್ಮಾ, ಬೇರೆ ಡಾಕ್ಟರಿಗೆ ಚೀಟಿ ಬರೆದುಕೊಡ್ತೀನಿ" ಎಂದೆ. ಆ ತಿಂಗಳ ಕೊನೆಗೆ ಕಂಪ್ರೆಸರ್ ಆರಿಸಿ ಕ್ಲಿನಿಕ್ಕಿಗೆ ಬೀಗ ಹಾಕಿದೆ.

ಆದರೆ ರಿನ್ಯೂವಲ್ ಶುಲ್ಕ ಕಟ್ಟುವುದನ್ನು ಬಿಡಲಿಲ್ಲ. ಯಾಕೆಂದು ಆಗ ಯಾರಾದರೂ ಕೇಳಿದ್ದರೆ "ಇರಲಿ ಬಿಡಿ, ಯಾವಾಗಲಾದರೂ ಬೇಕಾಗಬಹುದು" ಎನ್ನುತ್ತಿದ್ದೆನೇನೋ. ನಿಜ ಹೇಳಬೇಕೆಂದರೆ, ಹೆಸರು ಹೋದರೆ ನಾನೇ ಹೋದ ಹಾಗೆ ಎಂಬ ಭಯವಿತ್ತು. ನಿಮ್ಮಲ್ಲೂ ಅನೇಕರಿಗೆ ಈ ಭಯ ಇದೆ ಎಂದು ಬಲ್ಲೆ.

ಹೀಗೆ ಎರಡು ವರ್ಷ ಕಳೆಯಿತು. ಒಂದು ಸಂಜೆ ಹಳೆಯ ಪರಿಚಯದ ತೋಟದ ಯಜಮಾನರೊಬ್ಬರು ಮನೆಗೇ ಬಂದರು. ಜಗಲಿಯ ಮೇಲೆ ಕೂತು, ಜೇಬಿನಿಂದ ಕರವಸ್ತ್ರ ತೆಗೆದು ಗಂಟು ಬಿಚ್ಚಿದರು. ಒಳಗೆ ನಾನೇ ಮಾಡಿಕೊಟ್ಟಿದ್ದ ಹಲ್ಲಿನ ಸೆಟ್ಟು. "ಡಾಕ್ಟ್ರೇ, ಎಡಗಡೆ ಒತ್ತುತ್ತದೆ, ಗಾಯ ಆಗಿದೆ. ಒಂಚೂರು ಉಜ್ಜಿಕೊಡಿ ಸಾಕು" ಎಂದರು. ಒಳಗಿನ ಡ್ರಾಯರಿನಲ್ಲಿ ಅರ ಇತ್ತು. ಎರಡು ನಿಮಿಷದ ಕೆಲಸ. ಬಾಯಿ ತೆರೆಯಿರಿ ಎಂದೆ. ಜಗಲಿಯ ಬಲ್ಬಿನ ಬೆಳಕಿನಲ್ಲಿ ಒಸಡಿನ ಮೇಲೆ ಹುಣ್ಣು ಕಂಡಿತು. ಅದು ಆಗಿ ಎರಡು ತಿಂಗಳಾಯಿತಂತೆ. ಅವರು ನಲವತ್ತು ವರ್ಷಗಳಿಂದ ಕವಳ ಹಾಕುವವರು. ಸೆಟ್ಟು ಒತ್ತಿ ಆದ ಗಾಯ ಒಂದು ಬಗೆ; ಅಡಿಕೆ, ತಂಬಾಕು ಜಗಿದ ಬಾಯಲ್ಲಿ ಮಾಯದೆ ಕೂತ ಹುಣ್ಣು ಇನ್ನೊಂದು ಬಗೆ. ಕೈಯಲ್ಲಿ ಗ್ಲೌಸಿಲ್ಲ, ಬಾಯಿಯ ಕನ್ನಡಿಯಿಲ್ಲ, ನೆಟ್ಟಗಿನ ಬೆಳಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ವರ್ಷಗಳಿಂದ ಒಂದು ಬಾಯಿಯನ್ನೂ ನೋಡದ ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಸೆಟ್ಟನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿಕೊಟ್ಟು, ಮರುದಿನವೇ ಶಿವಮೊಗ್ಗಕ್ಕೆ ಹೋಗಿ ತೋರಿಸಲು ಹೇಳಿದೆ. ಪುಣ್ಯಕ್ಕೆ ಅದು ಸೆಟ್ಟಿನ ಗಾಯವೇ ಆಗಿತ್ತು. ಆದರೆ ಹಾಗೆಂದು ಹೇಳುವ ಯೋಗ್ಯತೆ ಆ ಸಂಜೆ ನನಗಿರಲಿಲ್ಲ. ಸರ್ಕಾರದ ರಿಜಿಸ್ಟರ್ ಮಾತ್ರ ಇದೆ ಎನ್ನುತ್ತಿತ್ತು.

ನನ್ನ ಯೋಚನೆ ಶುರುವಾದದ್ದು ಅಲ್ಲಿಂದ.

ಮಿತ್ರರೇ, ನಾವು ಪದವಿಯನ್ನೂ ನೋಂದಣಿಯನ್ನೂ ಒಂದೇ ಎಂದುಕೊಂಡಿದ್ದೇವೆ. ಎರಡೂ ಬೇರೆ. ಪದವಿ ನಾವು ಓದಿ ಗಳಿಸಿದ್ದು; ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ನೋಂದಣಿ ಹಾಗಲ್ಲ. "ಈ ಮನುಷ್ಯ ಇವತ್ತು ಚಿಕಿತ್ಸೆ ಕೊಡಬಲ್ಲ, ನಂಬಿ ಹೋಗಿ" ಎಂದು ಸರ್ಕಾರ ಜನರಿಗೆ ಕೊಡುವ ಮಾತು ಅದು. ಡಾ. ರಫಿಯುದ್ದೀನ್ ಅಹ್ಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜು ತೆರೆದಾಗ ಈ ದೇಶದಲ್ಲಿ ಹಲ್ಲು ಕೀಳುವವರಿಗೆ ಲೆಕ್ಕವೂ ಇರಲಿಲ್ಲ, ಲಗಾಮೂ ಇರಲಿಲ್ಲ. ಸಂತೆಯಲ್ಲಿ ಚಾಪೆ ಹಾಸಿ ಕೂತವರೂ ಹಲ್ಲಿನ ಡಾಕ್ಟರೇ ಆಗಿದ್ದರು. 1939ರಲ್ಲಿ ಬಂಗಾಳದಲ್ಲಿ ದಂತವೈದ್ಯರ ಕಾಯ್ದೆ ಬಂತು. 1948ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ದಂತವೈದ್ಯರ ಕಾಯ್ದೆ ಬಂತು. ರಾಜ್ಯ ರಾಜ್ಯಗಳಲ್ಲಿ ಕೌನ್ಸಿಲ್, ರಿಜಿಸ್ಟ್ರಾರ್, ರಿಜಿಸ್ಟರ್ ಹುಟ್ಟಿದ್ದು ಅದರಿಂದ. ಕಲಿತವರು ಯಾರು, ಕಲಿಯದವರು ಯಾರು ಎಂದು ಸಾಮಾನ್ಯ ಜನ ಬೇರ್ಪಡಿಸಿ ನೋಡಲು ಅವರಿಗಿರುವ ಆಧಾರ ಆ ಪುಸ್ತಕವೊಂದೇ.

ಆದರೆ ಆ ಕಾಯ್ದೆ ಬರೆದವರು, ವೃತ್ತಿ ನಿಲ್ಲಿಸುವವರ ಬಗ್ಗೆ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ. 39ನೇ ಕಲಮು ತೆಗೆದು ನೋಡಿ. ಹೆಸರು ಉಳಿಯಬೇಕಾದರೆ ನವೀಕರಣ ಶುಲ್ಕ ಕಟ್ಟಬೇಕು. ಗಡುವಿನೊಳಗೆ ಕಟ್ಟದಿದ್ದರೆ ರಿಜಿಸ್ಟ್ರಾರ್ ಆ ಬಾಕಿದಾರನ ಹೆಸರನ್ನು ತೆಗೆದುಹಾಕಬೇಕು. ಆಮೇಲೆ ಹಣ ಕಟ್ಟಿದರೆ ಹೆಸರನ್ನು ಮತ್ತೆ ಸೇರಿಸಬಹುದು. ಅಂದರೆ ಇರುವುದು ಎರಡೇ ಬಾಗಿಲು. ಒಂದೋ ಕೆಲಸ ಮಾಡದಿದ್ದರೂ ಮಾಡುವವರ ಪಟ್ಟಿಯಲ್ಲಿ ಉಳಿಯಬೇಕು, ಇಲ್ಲವೇ ಬಾಕಿದಾರ ಎನಿಸಿಕೊಂಡು ಹೊರಗೆ ಹೋಗಬೇಕು. ಮೂವತ್ತು ವರ್ಷ ಒಮ್ಮೆಯೂ ಶುಲ್ಕ ತಪ್ಪಿಸದೆ, ಒಂದು ದೂರೂ ಇಲ್ಲದೆ ದುಡಿದವರೂ ಕೊನೆಗೆ ಬಾಕಿದಾರರ ಬಾಗಿಲಿನಿಂದಲೇ ಹೋಗಬೇಕು. "ನಾನು ಇಂಥ ದಿನದಿಂದ ವೃತ್ತಿ ನಿಲ್ಲಿಸಿದ್ದೇನೆ, ನನ್ನ ಹೆಸರನ್ನು ಗೌರವದಿಂದ ಬೇರೆ ಪುಟಕ್ಕೆ ಬರೆಯಿರಿ" ಎನ್ನಲು ಆ ಪುಸ್ತಕದಲ್ಲಿ ಪುಟವೇ ಇಲ್ಲ.

ಪುಟ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಾನು ಹತ್ತಿರದಿಂದ ಕಂಡ ಎರಡು ಪ್ರಸಂಗಗಳನ್ನು ಹೇಳುತ್ತೇನೆ.

ನನ್ನ ಓರಗೆಯ ಗೆಳೆಯರೊಬ್ಬರು ಬೇರೆ ಜಿಲ್ಲೆಯ ಒಂದು ಊರಿನಲ್ಲಿ ಒಳ್ಳೆಯ ಹೆಸರು ಮಾಡಿದ್ದರು. ಮೊಮ್ಮಗು ಹುಟ್ಟಿದ ಮೇಲೆ ಗಂಡ ಹೆಂಡತಿ ಇಬ್ಬರೂ ಮಗನ ಹತ್ತಿರ ಅಮೆರಿಕಕ್ಕೆ ಹೋದರು. ಕ್ಲಿನಿಕ್ ಮುಚ್ಚಲು ಮನಸ್ಸಾಗಲಿಲ್ಲ. ಇಪ್ಪತ್ತು ವರ್ಷ ಜೊತೆಗಿದ್ದ ಸಹಾಯಕನಿಗೆ ಬೀಗದ ಕೈ ಕೊಟ್ಟು, "ಹಲ್ಲು ಕ್ಲೀನ್ ಮಾಡಿಕೊಂಡಿರು, ದೊಡ್ಡ ಕೆಲಸ ಬಂದರೆ ಬೇರೆಯವರಲ್ಲಿಗೆ ಕಳಿಸು" ಎಂದರು. ಬೋರ್ಡು ಹಾಗೇ ಉಳಿಯಿತು, ನೋಂದಣಿ ಸಂಖ್ಯೆಯ ಸಮೇತ. ಸಹಾಯಕ ಮೊದಲು ಕ್ಲೀನ್ ಮಾಡಿದ, ಆಮೇಲೆ ಫಿಲ್ಲಿಂಗ್ ಮಾಡಿದ, ಆಮೇಲೆ ಕೀಳಲು ಹೊರಟ. ಸಕ್ಕರೆ ಕಾಯಿಲೆಯ ರೋಗಿಯೊಬ್ಬರಿಗೆ ಹಲ್ಲು ಕಿತ್ತ ಮೂರನೇ ದಿನ ದವಡೆಯ ಕೆಳಗೆಲ್ಲ ಊದಿಕೊಂಡು, ನುಂಗಲಾಗದೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಜೀವ ಉಳಿಯಿತು. ದೂರು ದಾಖಲಾದದ್ದು ಬೋರ್ಡಿನ ಮೇಲಿದ್ದ ಹೆಸರಿನ ಮೇಲೆ. ಗೆಳೆಯರು ಒಂದು ರಾತ್ರಿ ಫೋನ್ ಮಾಡಿ, "ನಾನು ಮುಟ್ಟಿಯೇ ಇಲ್ಲ ಮಾರಾಯಾ" ಎಂದು ಅತ್ತರು. ಅವರು ಮುಟ್ಟಿರಲಿಲ್ಲ ನಿಜ. ಆದರೆ ಆ ರೋಗಿ ಒಳಗೆ ಬಂದದ್ದು ಅವರ ಹೆಸರು ಓದಿಕೊಂಡೇ.

ಈ ಗೆಳೆಯರು ಬೋರ್ಡನ್ನು ಅಭಿಮಾನಕ್ಕೆ ಬಿಟ್ಟರು. ದುಡ್ಡಿಗೆ ಬಿಡುವವರೂ ಇದ್ದಾರೆ. ಸರ್ಟಿಫಿಕೇಟ್ ಬಾಡಿಗೆಗೆ ಕೊಡುವುದು ಎಂಬ ಮಾತು ನಮ್ಮ ವೃತ್ತಿಯಲ್ಲಿ ಯಾರೂ ಕೇಳದ ಮಾತೇನಲ್ಲ. ಕೆಲಸ ಮಾಡದ ಡಾಕ್ಟರ ಚಾಲ್ತಿಯಲ್ಲಿರುವ ನೋಂದಣಿಯೇ ಈ ಬಾಡಿಗೆ ವ್ಯಾಪಾರದ ಸರಕು.

ಎರಡನೆಯದು ನನ್ನ ಕ್ಲಿನಿಕ್ಕಿನಲ್ಲೇ ಎರಡು ವರ್ಷ ಕೆಲಸ ಕಲಿತ ಹುಡುಗಿಯದು. ಕೈ ಎಷ್ಟು ಹಗುರವೆಂದರೆ, ಮಕ್ಕಳು ಅವಳ ಹತ್ತಿರ ಮಾತ್ರ ಬಾಯಿ ತೆರೆಯುತ್ತಿದ್ದವು. ಮದುವೆಯಾಗಿ ಪುಣೆಗೆ ಹೋದಳು. ಎರಡು ಮಕ್ಕಳು, ಅತ್ತೆಯ ಕಾಯಿಲೆ, ಒಂಬತ್ತು ವರ್ಷ ಹೋದದ್ದೇ ತಿಳಿಯಲಿಲ್ಲ. ಮತ್ತೆ ಕೆಲಸಕ್ಕೆ ಸೇರೋಣವೆಂದು ಕರ್ನಾಟಕದ ನೋಂದಣಿಯನ್ನು ಮಹಾರಾಷ್ಟ್ರಕ್ಕೆ ವರ್ಗಾಯಿಸಿಕೊಳ್ಳಲು ಹೊರಟಾಗ, ಶುಲ್ಕ ಕಟ್ಟದ್ದರಿಂದ ಹೆಸರೇ ಇಲ್ಲ ಎಂದು ಗೊತ್ತಾಯಿತು. ನನಗೆ ಫೋನ್ ಮಾಡಿ ಅವಳು ಕೇಳಿದ ಮೊದಲ ಪ್ರಶ್ನೆ: "ಸರ್, ಹಾಗಾದರೆ ನಾನೀಗ ಡಾಕ್ಟರೇ ಅಲ್ಲವಾ?"

ಹಾಗೇನಿಲ್ಲಮ್ಮ, ಬಾಕಿ ಕಟ್ಟಿದರೆ ಹೆಸರು ಮರಳಿ ಬರುತ್ತದೆ ಎಂದು ಸಮಾಧಾನ ಹೇಳಿದೆ. ಫೋನ್ ಇಟ್ಟ ಮೇಲೆ ನನಗೇ ಸಮಾಧಾನವಾಗಲಿಲ್ಲ. ಅವಳು ಬಿಟ್ಟು ಹೋದಾಗ ನಮ್ಮ ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್ ಮಾಡುತ್ತಿದ್ದದ್ದು ಕೈಯಲ್ಲಿ ಹಿಡಿದ ಫೈಲುಗಳಿಂದ. ಈಗ ಎಲ್ಲೆಡೆ ಮೋಟರಿನ ಫೈಲು. ಎಕ್ಸ್-ರೇ ಫಿಲಮು ತೊಳೆಯುತ್ತಿದ್ದ ಕಡೆ ಈಗ ಕಂಪ್ಯೂಟರ್ ಪರದೆ. ಕೊರೋನಾ ಬಂದು ಹೋದ ಮೇಲೆ ಕ್ಲಿನಿಕ್ಕಿನ ಶುಚಿತ್ವದ ಕ್ರಮವೇ ಬದಲಾಗಿದೆ. ಒಂಬತ್ತು ವರ್ಷ ಬಿಟ್ಟ ಕೈಗೆ ಅಭ್ಯಾಸ ಬೇಕು, ಪಕ್ಕದಲ್ಲಿ ನಿಂತು ತಿದ್ದುವವರು ಬೇಕು. ಆ ಕಲಮು ಕೇಳುವುದು ಹಣ ಮಾತ್ರ. ನೀನು ಸಿದ್ಧಳಿದ್ದೀಯಾ ಎಂದು ಯಾರೂ ಕೇಳುವುದಿಲ್ಲ. ಸಿದ್ಧಳಾಗಲು ಇಲ್ಲಿಗೆ ಬಾ ಎಂದು ಯಾರೂ ಕರೆಯುವುದೂ ಇಲ್ಲ. ಹೋಗುವವರಿಗೆ ಅಪಮಾನ, ಬರುವವರಿಗೆ ಅನಾಥ ಸ್ಥಿತಿ. ನಡುವೆ ರೋಗಿಗೆ ಯಾವ ರಕ್ಷಣೆಯೂ ಇಲ್ಲ.

ಇದಕ್ಕೆ ದಾರಿ ಇಲ್ಲವೇ? ಇದೆ. ನಮ್ಮ ನೆರೆಹೊರೆಯ ವೃತ್ತಿಗಳಲ್ಲೇ ಇದೆ. ವಕೀಲರು ಸಂಬಳದ ನೌಕರಿಗೆ ಸೇರಿದರೆ, ಅಥವಾ ಬೇರೆ ಯಾವ ಕಾರಣಕ್ಕಾದರೂ ವಕೀಲಿ ನಿಲ್ಲಿಸಿದರೆ, ವಕೀಲರ ಪರಿಷತ್ತಿಗೆ ತಿಳಿಸಿ ಸನದನ್ನು ಅಮಾನತಿನಲ್ಲಿ ಇಡುತ್ತಾರೆ. ಮತ್ತೆ ಬೇಕಾದಾಗ ಅರ್ಜಿ ಹಾಕಿ ಪಡೆಯುತ್ತಾರೆ. ಅದರಲ್ಲಿ ಯಾರಿಗೂ ಅಪಮಾನವಿಲ್ಲ. ಲೆಕ್ಕಪರಿಶೋಧಕರಲ್ಲಿ ಸದಸ್ಯತ್ವ ಬೇರೆ, ಪ್ರಾಕ್ಟೀಸ್ ಸರ್ಟಿಫಿಕೇಟ್ ಬೇರೆ. ಕಂಪನಿಯಲ್ಲಿ ಕೆಲಸ ಮಾಡುವ ಸಿ.ಎ. ಸದಸ್ಯರಾಗಿಯೇ ಇರುತ್ತಾರೆ, ಆದರೆ ಪ್ರಾಕ್ಟೀಸ್ ಸರ್ಟಿಫಿಕೇಟ್ ಇಲ್ಲದೆ ಆಡಿಟ್ ವರದಿಗೆ ಸಹಿ ಹಾಕುವುದಿಲ್ಲ.

ದಂತವೈದ್ಯರಲ್ಲೇ ಉದಾಹರಣೆ ಬೇಕಾದರೆ ಕ್ಯಾಲಿಫೋರ್ನಿಯಾ ನೋಡಿ. ಅಲ್ಲಿ ಚಾಲ್ತಿಯ ಲೈಸೆನ್ಸ್ ಇರುವ ದಂತವೈದ್ಯರು ಎರಡು ವರ್ಷಕ್ಕೊಮ್ಮೆ ನವೀಕರಣದ ಹೊತ್ತಿಗೆ 50 ಯೂನಿಟ್ ಮುಂದುವರಿದ ಶಿಕ್ಷಣ ಪೂರೈಸಬೇಕು. ಕೆಲಸ ನಿಲ್ಲಿಸುವವರು ಲೈಸೆನ್ಸನ್ನು ನಿಷ್ಕ್ರಿಯ ವರ್ಗಕ್ಕೆ ಹಾಕಿಸಿಕೊಳ್ಳಬಹುದು. ಆಗ ಆ ಶಿಕ್ಷಣದ ಕಡ್ಡಾಯವಿಲ್ಲ, ಆದರೆ ಒಬ್ಬ ರೋಗಿಯನ್ನೂ ಮುಟ್ಟುವಂತಿಲ್ಲ. ಮತ್ತೆ ಚಾಲ್ತಿಗೆ ತರಬೇಕಾದರೆ ಒಂದು ಅವಧಿಯ ಶಿಕ್ಷಣವನ್ನು ಪೂರೈಸಿ ತೋರಿಸಬೇಕು. ಬ್ರಿಟನ್ನಿನಲ್ಲಿ ನಿಷ್ಕ್ರಿಯ ವರ್ಗವಿಲ್ಲ. ಆದರೆ ನಿವೃತ್ತರಾಗುವವರು ತಾವಾಗಿಯೇ ಅರ್ಜಿ ಕೊಟ್ಟು ರಿಜಿಸ್ಟರಿನಿಂದ ಹೆಸರು ತೆಗೆಸಿಕೊಳ್ಳುವ ವ್ಯವಸ್ಥೆಯಿದೆ, ಮರಳಿ ಸೇರಲು ಕಲಿಕೆಯ ದಾಖಲೆ ಒದಗಿಸಬೇಕು. ಎರಡೂ ಕಡೆ ತತ್ವ ಒಂದೇ: ಹೋಗುವುದನ್ನು ಹೇಳಿ ಹೋಗು, ಬರುವುದಾದರೆ ಕಲಿತು ಬಾ.

1948ರ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ದೇಶದ ಎಲ್ಲ ದಂತವೈದ್ಯರ ಹೆಸರಿರುವ ಒಂದು ರಾಷ್ಟ್ರೀಯ ರಿಜಿಸ್ಟರ್ ಅದರ ಮುಖ್ಯ ಅಂಶಗಳಲ್ಲೊಂದು. ಹೊಸ ಪುಸ್ತಕಕ್ಕೆ ಗೆರೆ ಎಳೆಯುವಾಗಲೇ ಒಂದು ಅಂಕಣ ಹೆಚ್ಚಿಗೆ ಹಾಕುವುದು ಕಷ್ಟವಲ್ಲ. ಅದಕ್ಕೆ ಧ್ವನಿ ಎತ್ತಬೇಕಾದವರು ನಾವು.

ಹಾಗಾಗಿ ನಿಮ್ಮಲ್ಲಿ ಕೆಲವು ಕೋರಿಕೆಗಳು.

ಮೊದಲನೆಯದು: ನಿಲ್ಲಿಸುವುದಾದರೆ ತಿಳಿಸಿ ನಿಲ್ಲಿಸಿ. ಕೌನ್ಸಿಲ್ಲಿನ ರಿಜಿಸ್ಟ್ರಾರ್ ಅವರಿಗೆ ತಾರೀಖು ಹಾಕಿ ಒಂದು ಪತ್ರ ಬರೆಯಿರಿ: ಇಂಥ ದಿನದಿಂದ ನಾನು ರೋಗಿಗಳನ್ನು ನೋಡುತ್ತಿಲ್ಲ ಎಂದು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಇಂಥ ಪತ್ರಕ್ಕೆ ಇವತ್ತಿನ ಕಾಯ್ದೆಯಲ್ಲಿ ಪ್ರತ್ಯೇಕ ಸ್ಥಾನ ಇಲ್ಲದಿರಬಹುದು. ನಾಳೆ ನಿಮ್ಮ ಹೆಸರನ್ನು ಯಾರಾದರೂ ದುರುಪಯೋಗ ಮಾಡಿದರೆ ನಿಮ್ಮ ಪರವಾಗಿ ನಿಲ್ಲುವ ದಾಖಲೆ ಅದು.

ಎರಡನೆಯದು: ಬೋರ್ಡನ್ನು ನೀವೇ ಎದುರು ನಿಂತು ಇಳಿಸಿ. ಸೀಲು, ಚೀಟಿ ಪುಸ್ತಕ, ಲೆಟರ್‌ಹೆಡ್ ಒಂದನ್ನೂ ಕ್ಲಿನಿಕ್ಕಿನಲ್ಲಿ ಬಿಡಬೇಡಿ. ಕ್ಲಿನಿಕ್ಕನ್ನು ಕಿರಿಯರಿಗೆ ಮಾರಿದರೆ, ಅವರ ಹೆಸರು ಮತ್ತು ಅವರ ನೋಂದಣಿ ಸಂಖ್ಯೆಯೇ ಗೋಡೆಯ ಮೇಲೆ ಇರಲಿ.

ಮೂರನೆಯದು: ಕ್ಲಿನಿಕ್ಕಿನ ಕಾಗದಗಳನ್ನೂ ಮುಗಿಸಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ಮಾಡಿಸಿದ ಕ್ಲಿನಿಕ್ ನೋಂದಣಿ ಒಂದು ಕಡೆ, ಜೈವಿಕ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇನ್ನೊಂದು ಕಡೆ ಜೀವಂತ ಇರುತ್ತದೆ. ಎಕ್ಸ್-ರೇ ಯಂತ್ರ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿರುವ ವಸ್ತು, ಗುಜರಿಗೆ ಹಾಕುವಂಥದ್ದಲ್ಲ. ಬೆಳ್ಳಿ ಫಿಲ್ಲಿಂಗಿಗೆ ಬಳಸಿ ಉಳಿದ ಪಾದರಸವನ್ನು ಸಿಂಕಿಗೆ ಸುರಿಯಬೇಡಿ, ತ್ಯಾಜ್ಯ ಒಯ್ಯುವವರಿಗೆ ಹೇಳಿ ಕೊಡಿ.

ನಾಲ್ಕನೆಯದು: ರೋಗಿಗಳಿಗೆ ಹೇಳಿ. ಅರ್ಧ ಆದ ರೂಟ್ ಕೆನಾಲ್, ತಂತಿ ಹಾಕಿಸಿಕೊಂಡ ಮಕ್ಕಳು, ಅಳತೆ ಕೊಟ್ಟ ಸೆಟ್ಟು ಇವನ್ನೆಲ್ಲ ಒಬ್ಬರ ಕೈಗೆ ಒಪ್ಪಿಸಿ, ಎಕ್ಸ್-ರೇಗಳನ್ನು ಅವರವರಿಗೆ ಕೊಟ್ಟು ಹೋಗಿ.

ಐದನೆಯದು: ನಿಲ್ಲಿಸಿದ ಮೇಲೆ ನಿಜವಾಗಿ ನಿಲ್ಲಿಸಿ. ನೆಂಟರಿಗೆ ಫೋನಿನಲ್ಲೇ ಆಂಟಿಬಯೋಟಿಕ್ ಹೇಳುವುದು, ನೋವಿನ ಮಾತ್ರೆಯ ಹೆಸರು ವಾಟ್ಸಾಪಿನಲ್ಲಿ ಕಳಿಸುವುದು, ಶಿಬಿರದಲ್ಲಿ ಒಂದೆರಡು ಹಲ್ಲು ಕೀಳುವುದು ಬೇಡ. ಪ್ರೀತಿಯಿಂದ ಮಾಡಿದರೂ ಅದು ಚಿಕಿತ್ಸೆಯೇ.

ಮಗುವಿಗಾಗಿ, ಮನೆಗಾಗಿ ನಿಲ್ಲಿಸಿದ ತಾಯಂದಿರೇ, ನಿಮಗೆ ಬೇರೆಯೇ ಮಾತು. ನೀವು ಮರಳಿ ಬರುವವರು. ಹಾಗಾಗಿ ನಿಮ್ಮ ನೋಂದಣಿ ಜಾರಿಹೋಗಲು ಬಿಡಬೇಡಿ. ಶುಲ್ಕದ ದಿನಾಂಕವನ್ನು ಮಗುವಿನ ಲಸಿಕೆಯ ದಿನಾಂಕದ ಪಕ್ಕದಲ್ಲೇ ಬರೆದಿಡಿ. ಬರುವಾಗ ಮೊದಲ ಮೂರು ತಿಂಗಳು ಹಿರಿಯರೊಬ್ಬರ ಕ್ಲಿನಿಕ್ಕಿನಲ್ಲಿ ನಿಂತು ಕೈ ಪಳಗಿಸಿಕೊಳ್ಳಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನನ್ನ ಆ ಹುಡುಗಿ ಹಾಗೇ ಮಾಡಿದಳು. ಈಗ ಮಕ್ಕಳು ಮತ್ತೆ ಅವಳ ಹತ್ತಿರ ಬಾಯಿ ತೆರೆಯುತ್ತಿದ್ದಾರೆ. ವಿದೇಶದಲ್ಲಿರುವವರೇ, ಅಲ್ಲಿಯ ಪರವಾನಗಿಗೆ ಅರ್ಜಿ ಹಾಕುವಾಗ ಇಲ್ಲಿನ ಕೌನ್ಸಿಲ್ಲಿನ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ ಕೇಳುತ್ತಾರೆ. ಜಾರಿಹೋದ ಹೆಸರಿಗೆ ಆ ಪತ್ರ ಪಡೆಯುವುದು ಸುಲಭವಲ್ಲ. ಹೊರಡುವ ಮುನ್ನವೇ ನೋಂದಣಿಯನ್ನು ಸರಿಮಾಡಿಕೊಂಡು ಹೋಗಿ.

ಕೌನ್ಸಿಲ್ಲುಗಳ ಮುಂದೆಯೂ ಹೊಸ ಆಯೋಗದ ಮುಂದೆಯೂ ನಾವೆಲ್ಲ ಸೇರಿ ಇಡಬೇಕಾದ ಬೇಡಿಕೆಗಳು ಮೂರು. ನಿಷ್ಕ್ರಿಯ ಎಂಬ ಪ್ರತ್ಯೇಕ ವರ್ಗ, ಅದಕ್ಕೆ ಹೆಸರಿಗಷ್ಟೇ ಒಂದು ಶುಲ್ಕ. ಆ ವರ್ಗದವರು ಚಿಕಿತ್ಸೆ ಕೊಡುವಂತಿಲ್ಲವೆಂದು ಸಾಮಾನ್ಯ ಜನರೂ ಮೊಬೈಲಿನಲ್ಲಿ ಹುಡುಕಿ ತಿಳಿಯುವ ಅನುಕೂಲ. ಮರಳಿ ಬರುವವರಿಗೆ ನಮ್ಮ ರಾಜ್ಯದ ದಂತವೈದ್ಯ ಕಾಲೇಜುಗಳಲ್ಲಿ ಕಡಿಮೆ ಅವಧಿಯ ತರಬೇತಿ. ಕರ್ನಾಟಕದಲ್ಲಿ ಕಾಲೇಜುಗಳಿಗೇನೂ ಕೊರತೆಯಿಲ್ಲ. ಕುರ್ಚಿಗಳೂ ಇವೆ, ಕಲಿಸುವವರೂ ಇದ್ದಾರೆ.

ಹೆಸರು ಹೋದರೆ ಏನು ಉಳಿಯುತ್ತದೆ ಎಂದು ಕೇಳುವ ಹಿರಿಯರಿಗೆ ಒಂದು ಮಾತು. ಬಾಯಿಯ ಬಗ್ಗೆ ನಾವು ತಿಳಿದದ್ದು ಉಳಿಯುತ್ತದೆ. ಹಲ್ಲುಜ್ಜುವುದು ಹೇಗೆಂದು ಹೇಳಲು, ಗುಟ್ಕಾ ಪೊಟ್ಟಣ ಹಿಡಿದ ಹುಡುಗನನ್ನು ಪಕ್ಕಕ್ಕೆ ಕರೆದು ಮಾತಾಡಲು ಲೈಸೆನ್ಸ್ ಬೇಕಿಲ್ಲ. ನಾನು ತಿಂಗಳಿಗೆರಡು ಶನಿವಾರ ಪ್ಲಾಸ್ಟರಿನ ದವಡೆಯೊಂದನ್ನು ಚೀಲದಲ್ಲಿಟ್ಟುಕೊಂಡು ಸುತ್ತಲಿನ ಶಾಲೆಗಳಿಗೆ ಹೋಗುತ್ತೇನೆ. ಆ ಕೆಲಸಕ್ಕೆ ನನ್ನ ನಡುಗುವ ಕೈ ಸಾಕು.

ತೋಟದ ಯಜಮಾನರು ಸೆಟ್ಟು ತಂದ ಆ ಸಂಜೆಯ ಮರುವಾರ ನಾನು ರಿಜಿಸ್ಟ್ರಾರ್ ಅವರಿಗೆ ಪತ್ರ ಬರೆದೆ. ಏಣಿ ತರಿಸಿ ಬೋರ್ಡು ಇಳಿಸಿದೆ. ಗೋಡೆಯಲ್ಲಿ ನಾಲ್ಕು ಮೊಳೆಯ ಗುರುತು ಉಳಿದಿತ್ತು; ಅದಕ್ಕೂ ಸುಣ್ಣ ಬಳಿಸಿದೆ. ನೀವೂ ಈ ವಾರವೇ ಆ ಪತ್ರ ಬರೆಯಿರಿ. ನಮ್ಮನ್ನು ನಂಬಿ ಬಾಯಿ ತೆರೆದ ಜನಕ್ಕೆ ನಾವು ಸಲ್ಲಿಸಬೇಕಾದ ಕೊನೆಯ ಸೇವೆ ಅದು.



ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದಂತವೈದ್ಯ
ಸಾಗರ, ಶಿವಮೊಗ್ಗ ಜಿಲ್ಲೆ